ಇಡುವುದೋ, ಈಗಲೇ ಕುಡಿಯುವುದೋ? ಕರಾವಳಿಯ ಸೆಖೆಯಲ್ಲಿ ಕ್ರಾಫ್ಟ್ ಬಿಯರ್

ವಿದೇಶದಿಂದ ರಜೆಗೆ ಬರುವ ತಮ್ಮನೋ ಭಾವನೋ ಬೆಲ್ಜಿಯಂ ಬಿಯರಿನ ನಾಲ್ಕಾರು ಬಾಟಲಿ ತಂದು ಕೊಡುತ್ತಾರೆ. "ಇದು ಇಟ್ಟಷ್ಟೂ ರುಚಿ ಹೆಚ್ಚಾಗ್ತದೆ, ಈಗ್ಲೇ ತೆಗೀಬೇಡಿ" ಅಂತ ಹೇಳಿ ಹೋಗುತ್ತಾರೆ. ಬಾಟಲಿ ಕಪಾಟು ಸೇರುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ತೆರೆದರೆ ಒದ್ದೆ ರಟ್ಟಿನ ವಾಸನೆ. ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಗೆಳೆಯರ ಮನೆಗಳಲ್ಲಿ ಇದನ್ನು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ. ಅಷ್ಟು ದೂರದಿಂದ ಹೊತ್ತು ತಂದ ಒಳ್ಳೆಯ ವಸ್ತು ಸುಮ್ನೆ ಹಾಳಾಗಬಾರದು.

ಭಾವ ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಕೆಲವೇ ಜಾತಿಯ ಬಿಯರಿಗೆ ಹೊಂದುತ್ತದೆ, ಅದೂ ತಂಪಾದ ಜಾಗದಲ್ಲಿಟ್ಟರೆ ಮಾತ್ರ. ಕಾಸರಗೋಡಿನ ಮಟ್ಟಿಗೆ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಬಿಯರ್ ತಂದ ವಾರದಲ್ಲೇ ಕುಡಿದು ಮುಗಿಸುವಂಥದ್ದು. ಇಡಲೇಬೇಕೆಂಬ ಆಸೆ ಇದ್ದರೆ ಕಪ್ಪು ಬಣ್ಣದ ಗಟ್ಟಿ ಬಿಯರನ್ನೋ ಹುಳಿ ಬಿಯರನ್ನೋ ಆರಿಸಿ, ಫ್ರಿಜ್ಜಿನಲ್ಲೇ ಇಡಿ. ಯಾಕೆ ಎಂಬುದು ಮುಂದೆ ಇದೆ.

ಬಾಟಲಿಯೊಳಗೆ ಏನಾಗುತ್ತದೆ

ಮುಚ್ಚಳ ಹಾಕಿದ ಮೇಲೂ ಬಾಟಲಿಯೊಳಗೆ ಸ್ವಲ್ಪ ಆಮ್ಲಜನಕ ಉಳಿದಿರುತ್ತದೆ. ಮುಚ್ಚಳದ ಒಳಪದರದ ಮೂಲಕ ಇನ್ನಷ್ಟು ಬಹಳ ನಿಧಾನಕ್ಕೆ ಒಳಗೆ ಬರುತ್ತಲೇ ಇರುತ್ತದೆ. ಮೊದಲ ಪೆಟ್ಟು ಬೀಳುವುದು ಹಾಪ್ಸಿನ, ಅಂದರೆ ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವಿನ, ಪರಿಮಳಕ್ಕೆ. ಕಿತ್ತಳೆ ಸಿಪ್ಪೆ, ಮಾವು, ಹಸಿರು ಸೊಪ್ಪು ನೆನಪಿಸುವ ಆ ವಾಸನೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಅದರ ಹಿಂದೆಯೇ ಕಹಿಯೂ ಇಳಿಯುತ್ತದೆ. ಗೋಧಿ ಬಿಯರಿನಲ್ಲಿ ಯೀಸ್ಟ್ ಹುಟ್ಟಿಸಿದ ಬಾಳೆಹಣ್ಣಿನ ಪರಿಮಳವೂ ನಿಲ್ಲುವುದಿಲ್ಲ.

ಹೀಗೆ ಖಾಲಿಯಾದ ಜಾಗಕ್ಕೆ ಬೇರೆ ರುಚಿಗಳು ಬಂದು ಕೂರುತ್ತವೆ. ತೆಳು ಬಿಯರಿನಲ್ಲಿ ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಆ ಒದ್ದೆ ರಟ್ಟಿನ ವಾಸನೆ. ಅದನ್ನು ತರುವುದು ಟ್ರಾನ್ಸ್-2-ನಾನೆನಾಲ್ ಎಂಬ ವಸ್ತು. ಒಂದು ಲೀಟರ್ ಬಿಯರಿನಲ್ಲಿ ಒಂದು ಗ್ರಾಮಿನ ಕೋಟಿಯ ಒಂದು ಪಾಲಿನಷ್ಟು ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಹಾಗಾಗಿ ಸ್ವಲ್ಪ ಮಾತ್ರ ಹಳತಾಗಿದೆ, ಪರವಾಗಿಲ್ಲ ಎಂಬ ಲೆಕ್ಕ ಲಾಗರಿನಲ್ಲಿ (ಅಂಗಡಿಯಲ್ಲಿ ಸಿಗುವ ಮಾಮೂಲಿ ತೆಳು ಬಿಯರ್) ನಡೆಯುವುದಿಲ್ಲ.

ಗಟ್ಟಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಪ್ಪು ಬಿಯರಿನ ಕತೆ ಬೇರೆ. ಅಲ್ಲಿ ಅದೇ ಆಮ್ಲಜನಕ ಒಣದ್ರಾಕ್ಷಿ, ಜೇನು, ಹಳೆ ಬೆಲ್ಲ, ಶೆರಿ ವೈನಿನ ಛಾಯೆಗಳನ್ನು ತರುತ್ತದೆ. ಇವುಗಳಲ್ಲಿ ಒಂದು ವಾಸನೆ ನಮಗೆ ಚೆನ್ನಾಗಿ ಪರಿಚಯ ಇರುವಂಥದ್ದು. ಸೊಟೊಲೋನ್ ಎಂಬ ವಸ್ತು ಮೆಂತ್ಯಕ್ಕೆ ಅದರ ಘಮ ಕೊಡುತ್ತದೆ. ಅದೇ ವಸ್ತು ಹಳೆಯ ಶೆರಿ ಬಗೆಯ ವೈನಿನಲ್ಲೂ ಹಳತಾದ ಬೆಲ್ಜಿಯಂ ಬಿಯರಿನಲ್ಲೂ ಸಿಕ್ಕಿದೆ. ವಿದೇಶಿ ರುಚಿಕಾರರು "ಕರ್ರಿ ಪೌಡರ್" ಎಂದು ಬರೆದುಕೊಳ್ಳುವ ಆ ಘಮ, ಹುರಿದ ಮೆಂತ್ಯದ ಡಬ್ಬಿ ತೆರೆದು ಬೆಳೆದ ನಮಗೆ ಬೇಗ ಸಿಗುತ್ತದೆ. ಹಳೆ ಬಿಯರ್ ಗುರುತಿಸುವುದರಲ್ಲಿ ನಮ್ಮ ಮೂಗು ಹಿಂದಿಲ್ಲ.

ಅಂದರೆ ಇಟ್ಟಷ್ಟೂ ರುಚಿ ಹೆಚ್ಚುತ್ತದೆ ಎನ್ನುವುದು ಸರಿಯಾದ ಮಾತಲ್ಲ. ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಹೋಗುವುದು ನಿಮಗೆ ಬೇಕಾದದ್ದೋ, ಬರುವುದು ನಿಮಗೆ ಇಷ್ಟವೋ ಎಂದು ನೋಡಿಕೊಂಡು ಆರಿಸಬೇಕು.

ತಡ ಮಾಡದೆ ಕುಡಿಯಬೇಕಾದವು

ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಹಾಕಿದ ಬಿಯರ್), ಪೇಲ್ ಏಲ್, ಪಿಲ್ಸ್ನರ್, ಮಾಮೂಲಿ ಲಾಗರ್, ಗೋಧಿ ಬಿಯರ್. ಇವುಗಳ ಬಗ್ಗೆ ಯೋಚನೆಯೇ ಬೇಡ. ಕ್ರಾಫ್ಟ್, ಅಂದರೆ ಸಣ್ಣ ಬ್ರೂವರಿಗಳು ಮಾಡುವ, ಐಪಿಎಯ ಜೀವವೇ ಹಾಪ್ಸಿನ ಪರಿಮಳ. ಅದು ಹೋದ ಮೇಲೆ ಉಳಿಯುವುದು ಸಪ್ಪೆ ಸಿಹಿ ಮತ್ತು ಒಂದು ಒರಟು ಕಹಿ.

ಐಪಿಎ ಬಗ್ಗೆ ಒಂದು ವಾದ ಆಗಾಗ ಬರುತ್ತದೆ. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಬಿಯರಲ್ವಾ, ಸೆಖೆ ತಡೆಯಲೆಂದೇ ಮಾಡಿದ್ದಲ್ವಾ ಅಂತ. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿಯ ಪೀಪಾಯಿಗಳು ಆಫ್ರಿಕಾ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ತಿಂಗಳುಗಟ್ಟಲೆ ಕಡಲಲ್ಲಿದ್ದು ಇಲ್ಲಿಗೆ ಬರುತ್ತಿದ್ದವು ನಿಜ. ಆದರೆ ಅದು ಪೀಪಾಯಿಯಲ್ಲಿ ಹದವಾಗಲೆಂದೇ ಮಾಡಿದ, ಹಾಪ್ಸ್ ಸುರಿದು ತುಂಬಾ ಕಹಿ ಮಾಡಿದ ಬಿಯರ್. ಇವತ್ತಿನ ಐಪಿಎ ಅದರ ಹೆಸರು ಹೊತ್ತಿದೆ, ಗುಣ ಹೊತ್ತಿಲ್ಲ. ಬ್ರೂವರಿಗಳು ಇದನ್ನು ತಾಜಾ ಕುಡಿಯಿರಿ ಎಂದೇ ಮಾಡುತ್ತವೆ.

ಇನ್ನೊಂದು ದೊಡ್ಡ ಗೊಂದಲ ನಮ್ಮ ದೇಶದ "ಸ್ಟ್ರಾಂಗ್" ಬಿಯರಿನದ್ದು. ಶೇ. 8ರವರೆಗೆ ಆಲ್ಕೋಹಾಲ್ ಇದೆ, ಹಾಗಾಗಿ ಇಡಬಹುದು ಎಂದು ಕೆಲವರು ಅಂದುಕೊಳ್ಳುತ್ತಾರೆ. ಇಡಬೇಡಿ. ಇವು ಹೆಚ್ಚಾಗಿ ಅಕ್ಕಿ ಅಥವಾ ಸಕ್ಕರೆ ಸೇರಿಸಿ ಮಾಡಿದ, ಸೋಸಿ ಪಾಶ್ಚರೀಕರಿಸಿದ ಲಾಗರ್‌ಗಳು. ಒಳಗೆ ಜೀವಂತ ಯೀಸ್ಟ್ ಇಲ್ಲ, ಇಟ್ಟಾಗ ರುಚಿ ಬದಲಾಗಿ ಒಳ್ಳೆಯದಾಗಲು ಬೇಕಾದ ಗಟ್ಟಿ ಮಾಲ್ಟೂ ಇಲ್ಲ. ಆಲ್ಕೋಹಾಲ್ ಒಂದೇ ಇದ್ದರೆ ಸಾಲದು.

ಕಾಫಿ, ವೆನಿಲ್ಲಾ, ಹಣ್ಣು ಹಾಕಿದ ಬಿಯರ್ ಕೂಡ ಇದೇ ಸಾಲಿಗೆ. ಲೇಬಲ್ಲಿನಲ್ಲಿ ಹೇಳಿದ ಆ ಘಮವೇ ಮೊದಲು ಹೋಗುತ್ತದೆ. ಚೆರ್ರಿ ಹಾಕಿದ ಲ್ಯಾಂಬಿಕ್ (ತಾನಾಗಿ ಹುದುಗುವ ಬೆಲ್ಜಿಯಂ ಬಿಯರ್) ಹುಳಿ ಇರುವುದರಿಂದ ಹಾಳಾಗಲಿಕ್ಕಿಲ್ಲ, ಆದರೆ ಚೆರ್ರಿ ಎಲ್ಲಿ ಅಂತ ಹುಡುಕಬೇಕಾಗುತ್ತದೆ.

ಇಡಲು ತಕ್ಕವು, ಮತ್ತು ಅವುಗಳ ನಡುವಿನ ಆಯ್ಕೆ

ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ತಡೆಯುವುದು ಉಪ್ಪಿನ ಬಲದಿಂದ, ಉಪ್ಪು ಕಮ್ಮಿ ಹಾಕಿದ ಭರಣಿ ಬೇಗ ಹಾಳು. ಬಿಯರಿನಲ್ಲಿ ಉಪ್ಪಿನ ಕೆಲಸವನ್ನು ಆಲ್ಕೋಹಾಲ್, ಹುಳಿ, ಹುರಿದ ಮಾಲ್ಟು ಮತ್ತು ತಳದಲ್ಲಿರುವ ಜೀವಂತ ಯೀಸ್ಟ್ ಮಾಡುತ್ತವೆ. ಈ ನಾಲ್ಕರಲ್ಲಿ ಎರಡಾದರೂ ಇರಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ.

ಮೊದಲಿಗೆ ಬೆಲ್ಜಿಯಂನ ಕಪ್ಪು ಗಟ್ಟಿ ಏಲ್‌ಗಳು. ಟ್ರಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠಗಳ ಶಿಮೇ ಬ್ಲೂ (ಶೇ. 9), ರೋಶ್‌ಫೋರ್ 10 (ಶೇ. 11.3) ಈ ಗುಂಪಿನವು. ಹೊಸಬರಿಗೆ ನಾನು ಮೊದಲು ಹೇಳುವುದು ಶಿಮೇ ಬ್ಲೂ. ಕಾರಣ ಸುಲಭ: ಲೇಬಲ್ಲಿನ ಮೇಲೆಯೇ ವರ್ಷ ಅಚ್ಚಾಗಿರುತ್ತದೆ, ಹಾಗಾಗಿ ಹಳತು ಹೊಸತನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಹಾಗೆ ಪಕ್ಕಪಕ್ಕ ಇಟ್ಟಾಗ ಕಂಡದ್ದನ್ನು ಹೇಳುತ್ತೇನೆ. ಹೊಸತನ್ನು ಸುರಿದಾಗ ನೊರೆ ಎರಡು ಬೆರಳು ಎತ್ತರ ಎದ್ದು ನಿಂತಿತು. ಮೂಗಿಗೆ ಮೊದಲು ಬಂದದ್ದು ಕಾಳುಮೆಣಸಿನಂಥ ಚುರುಕು, ಆಮೇಲೆ ಹಣ್ಣು. ಬಾಯಲ್ಲಿ ಆಲ್ಕೋಹಾಲಿನ ಬಿಸಿ ಚೂರು ಎದ್ದು ಕಾಣುತ್ತಿತ್ತು. ಫ್ರಿಜ್ಜಿನಲ್ಲಿ ಕೆಲವು ವರ್ಷ ಕಳೆದದ್ದರ ನೊರೆ ಸಣ್ಣದು, ಅಂಚಿಗೆ ಮಾತ್ರ ಅಂಟಿಕೊಂಡಿತ್ತು. ಬಣ್ಣ ಜಾಸ್ತಿ ತಿಳಿಯಾಗಿತ್ತು, ಬೆಳಕಿಗೆ ಹಿಡಿದರೆ ಕೆಂಪು ಹೊಳಪು. ಮೆಣಸಿನ ಚುರುಕು ಇರಲಿಲ್ಲ. ಅದರ ಬದಲು ಒಣದ್ರಾಕ್ಷಿ, ಖರ್ಜೂರ, ಓಲೆಬೆಲ್ಲದ ಕಂಪು. ಆಲ್ಕೋಹಾಲು ಎಲ್ಲಿ ಹೋಯಿತೋ ಗೊತ್ತಾಗದ ಹಾಗೆ ಮೆತ್ತಗೆ ಇಳಿಯಿತು, ಕೊನೆಗೆ ನಾಲಗೆಯ ಮೇಲೆ ಮೆಂತ್ಯದ ಸಣ್ಣ ನೆನಪು. "ಇದು ಬೇರೆಯೇ ಬಿಯರ್ ಭಾವ" ಅಂದರು ಜೊತೆಗಿದ್ದವರು. ಅವರಿಗೆ ಹೊಸತೇ ಹಿಡಿಸಿತು. ನನಗೆ ಹಳತು. ಎರಡೂ ಸರಿಯೇ.

ಬಾರ್ಲಿವೈನ್ (ಹೆಸರು ವೈನ್ ಆದರೂ ಗಟ್ಟಿ ಬಿಯರೇ) ಮತ್ತು ಹುರಿದ ಮಾಲ್ಟಿನ ಕಪ್ಪು ಗಟ್ಟಿ ಬಿಯರಾದ ಇಂಪೀರಿಯಲ್ ಸ್ಟೌಟ್ ಇದೇ ದಾರಿಯಲ್ಲಿ ಹೋಗುತ್ತವೆ. ಬಾರ್ಲಿವೈನಿನ ಕಹಿ ಇಳಿದು ಕಾಯಿಸಿದ ಬೆಲ್ಲದ ರುಚಿ ಮೇಲೆ ಬರುತ್ತದೆ. ಸ್ಟೌಟಿನ ಸುಟ್ಟ ರುಚಿ ಮೆತ್ತಗಾಗಿ ಚಾಕಲೇಟಿನ ಕಡೆ ವಾಲುತ್ತದೆ. ಸ್ಟೌಟ್ ವಿಷಯದಲ್ಲಿ ಒಂದು ಎಚ್ಚರಿಕೆ: ಹೆಚ್ಚು ಕಾಲ, ಅದೂ ಸೆಖೆಯಲ್ಲಿ ಇಟ್ಟರೆ ತಳದ ಯೀಸ್ಟ್ ಸತ್ತು ಒಡೆದು ಸೋಯಾ ಸಾಸಿನ ವಾಸನೆ ಬರುತ್ತದೆ. ಒಮ್ಮೆ ಬಂದರೆ ಅದು ಹೋಗುವುದಿಲ್ಲ.

ಇನ್ನು ಗ್ಯೂಝ್. ಬ್ರಸೆಲ್ಸ್ ಸುತ್ತಮುತ್ತ ಮಾಡುವ ಹುಳಿ ಬಿಯರ್ ಇದು. ಯೀಸ್ಟ್ ಹಾಕದೆ, ಗಾಳಿಯಲ್ಲಿ ಮತ್ತು ಮರದ ಪೀಪಾಯಿಯಲ್ಲಿ ಇರುವ ಜೀವಿಗಳಿಂದಲೇ ಹುದುಗಿಸುತ್ತಾರೆ. ಮರದಿಂದ ಇಳಿಸಿದ ಕಳ್ಳು ತಾನಾಗಿ ಹುದುಗಿ ಸಂಜೆಯೊಳಗೆ ಹುಳಿ ಏರುವುದನ್ನು ನಾವು ನೋಡಿದವರು. ಅಂಥದ್ದೇ ಕೆಲಸ ಅಲ್ಲಿನ ಚಳಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿ ಮತ್ತೆ ಹುದುಗಲು ಬಿಟ್ಟದ್ದೇ ಗ್ಯೂಝ್. ಇದಕ್ಕೆ ಬಳಸುವ ಹಾಪ್ಸನ್ನು ಬೇಕೆಂದೇ ವರ್ಷಗಟ್ಟಲೆ ಇಟ್ಟು ಪರಿಮಳ ಕಳೆದಿರುತ್ತಾರೆ. ಕಳೆದುಕೊಳ್ಳಲು ಪರಿಮಳವೇ ಇಲ್ಲದ ಬಿಯರಿಗೆ ಕಾಲದ ಭಯ ಕಮ್ಮಿ. ಹತ್ತು, ಇಪ್ಪತ್ತು ವರ್ಷ ಮುಂದಿನ ತಾರೀಕು ಲೇಬಲ್ಲಿನಲ್ಲೇ ಇರುವುದುಂಟು. ಪುನರ್ಪುಳಿ, ಬಿಂಬುಳಿ ತಿಂದು ಬೆಳೆದವರಿಗೆ ಇದರ ಹುಳಿ ಹೊಸದೇನಲ್ಲ. ಹುರಿದ ಬಂಗುಡೆಯ ಜೊತೆ ಎಷ್ಟು ಚೆನ್ನಾಗಿ ಹೋಗುತ್ತದೆಂದರೆ, ನಮ್ಮ ಕಡಲತೀರದವರು ಇದನ್ನು ಒಮ್ಮೆಯಾದರೂ ಕುಡಿದು ನೋಡಬೇಕು ಎಂದು ನನ್ನ ಆಸೆ.

ಇನ್ನೊಂದು ಮಠದ ಬಿಯರ್ ಓರ್ವಾಲ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಶೇ. 6.2 ಮಾತ್ರ ಇದ್ದರೂ ಇದು ಇಡಬಹುದಾದ ಬಿಯರ್. ಬಾಟಲಿಗೆ ಹಾಕುವಾಗ ಬ್ರೆಟ್ಟಾನೊಮೈಸಿಸ್ ಎಂಬ ಕಾಡು ಯೀಸ್ಟ್ ಸೇರಿಸುತ್ತಾರೆ. ಅದು ಉಳಿದ ಸಕ್ಕರೆಯನ್ನೆಲ್ಲ ನಿಧಾನಕ್ಕೆ ತಿಂದು ಬಿಯರಿನ ಸಿಹಿ ಇಳಿಸುತ್ತದೆ. ತಾಜಾ ಇದ್ದಾಗ ಹಾಪ್ಸಿನ ಘಮ, ಆರು ತಿಂಗಳು ದಾಟಿದರೆ ಬೈಹುಲ್ಲು, ಚರ್ಮ, ಹಟ್ಟಿಯ ಹತ್ತಿರ ಹೋದಾಗ ಬರುವ ಬೆಚ್ಚಗಿನ ವಾಸನೆ. ಓರ್ವಾಲ್ ಮಠದ ಹತ್ತಿರದ ಹೋಟೆಲಿನಲ್ಲಿ "ಎಳೆಯದು ಬೇಕೋ, ಹಳೆಯದು ಬೇಕೋ" ಎಂದು ಆರಿಸಿಕೊಳ್ಳುವ ಅವಕಾಶವೇ ಇದೆ. ಬಾಟಲಿಗೆ ತುಂಬಿದ ತಾರೀಕೂ ಲೇಬಲ್ಲಿನಲ್ಲಿ ಇರುತ್ತದೆ. ವರ್ಷಗಟ್ಟಲೆ ಕಾಯುವ ತಾಳ್ಮೆ ಇಲ್ಲದವರಿಗೆ, ಬದಲಾವಣೆ ಬೇಗ ನೋಡಬೇಕೆನ್ನುವವರಿಗೆ ಶಿಮೇಗಿಂತ ಇದೇ ಒಳ್ಳೆಯದು.

ಬಂಗಾರದ ಬಣ್ಣದ ಟ್ರಿಪಲ್ ಮತ್ತು ಡ್ಯುವೆಲ್ ಥರದ ಬೆಲ್ಜಿಯಂ ಬಿಯರ್‌ಗಳು ಶೇ. 8 ದಾಟಿದರೂ ನಾನು ಇಡುವುದಿಲ್ಲ. ಅವುಗಳ ಚಂದ ಇರುವುದೇ ಚುರುಕಿನಲ್ಲಿ.

ಎಲ್ಲಿ ಇಡುವುದು: ನಮ್ಮ ಊರಿನ ಅಸಲು ಪ್ರಶ್ನೆ

ಬಿಯರ್ ಉದ್ಯಮದಲ್ಲಿ 3-30-300 ಎಂಬ ಒಂದು ಅಂದಾಜಿನ ಸೂತ್ರ ಇದೆ. 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟರೆ ಬಿಯರಿಗೆ ಆಗುವ ಹಾನಿ ಹೆಚ್ಚುಕಮ್ಮಿ ಒಂದೇ. ಏಪ್ರಿಲಿನ ಮಧ್ಯಾಹ್ನ ಕಾಸರಗೋಡಿನ ಮನೆಯೊಳಗೆ ಎಷ್ಟು ಡಿಗ್ರಿ ಇರುತ್ತದೆಂದು ನಿಮಗೇ ಗೊತ್ತು. ಐಪಿಎಗೆ ಕಪಾಟಿನಲ್ಲಿ ಮೂರು ದಿನವೂ ಜಾಸ್ತಿ.

ಗಟ್ಟಿ ಬಿಯರಿಗೆ ಇಷ್ಟು ಅವಸರ ಇಲ್ಲ. ಆದರೂ ಪ್ರತಿ 10 ಡಿಗ್ರಿಗೆ ಬದಲಾವಣೆಯ ವೇಗ ಎರಡು-ಮೂರು ಪಟ್ಟು ಏರುತ್ತದೆ. ಬೆಲ್ಜಿಯಂನ ನೆಲಮಾಳಿಗೆ ಸುಮಾರು 12 ಡಿಗ್ರಿ. ಅಲ್ಲಿನ ಒಂದು ವರ್ಷ ನಮ್ಮ ಕೋಣೆಯಲ್ಲಿ ಮೂರು-ನಾಲ್ಕು ತಿಂಗಳಲ್ಲಿ ಮುಗಿದುಹೋಗುತ್ತದೆ. ಹಾಗಾದರೆ ಬೇಗ ಹದವಾಗುತ್ತದಲ್ವಾ, ಒಳ್ಳೆಯದೇ ಆಯ್ತಲ್ಲ ಎಂದು ಕೇಳಬಹುದು. ಹಾಗಾಗುವುದಿಲ್ಲ. ಎಲ್ಲ ಬದಲಾವಣೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಸೆಖೆಯಲ್ಲಿ ಕೆಟ್ಟ ರುಚಿಗಳು ಮುಂದೆ ಓಡುತ್ತವೆ, ಒಳ್ಳೆಯವು ಹಿಂದೆ ಬೀಳುತ್ತವೆ.

ಮನೆಯ ಜಾಗಗಳನ್ನು ಒಂದೊಂದಾಗಿ ನೋಡೋಣ. ಅಟ್ಟ ಬೇಡವೇ ಬೇಡ, ಹಂಚಿನ ಕಾವು ನೇರ ಇಳಿಯುತ್ತದೆ. ಕೆಂಪುಕಲ್ಲಿನ ಹಳೆ ಮನೆಯ ಒಳಕೋಣೆ ಕತ್ತಲಾಗಿ ತಂಪಾಗಿ ಅನಿಸಿದರೂ ಬೇಸಿಗೆಯಲ್ಲಿ 28-30ಕ್ಕೆ ಇಳಿದರೆ ಹೆಚ್ಚು. ಅಲ್ಲಿ ಒಂದೆರಡು ತಿಂಗಳು ಸಾಕು.

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಗೆಳೆಯರು ಕೇಳುವ ಪ್ರಶ್ನೆ ಸುರಂಗದ್ದು. ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದೊಳಗೆ ಹೊಕ್ಕರೆ ಮೈ ತಣ್ಣಗಾಗುತ್ತದೆ, ಅಲ್ಲೇ ಇಡಬಾರದೇ? ನನಗೂ ಈ ಯೋಚನೆ ತುಂಬಾ ಇಷ್ಟ. ಆದರೆ ನೆಲದ ಆಳದಲ್ಲಿ ಇರುವುದು ಆ ಊರಿನ ವರ್ಷದ ಸರಾಸರಿ ಉಷ್ಣತೆ. ಬೆಲ್ಜಿಯಂನ ಸರಾಸರಿ ಹತ್ತರ ಆಸುಪಾಸು, ನಮ್ಮದು 27ರ ಆಸುಪಾಸು. ಸುರಂಗ ತಂಪೆನಿಸುವುದು ಹೊರಗಿನ ಬಿಸಿಲಿಗೆ ಹೋಲಿಸಿದರೆ ಮಾತ್ರ. ಅದರ ಒಳ್ಳೆಯ ಗುಣ ಎಂದರೆ ಏರಿಳಿತ ಇಲ್ಲ, ಬೆಳಕೂ ಇಲ್ಲ. ಗ್ಯೂಝ್ ಬಾಟಲಿಯನ್ನು ಕೆಲವು ತಿಂಗಳು ಇಡಲು ಒಳಕೋಣೆಗಿಂತ ಮೇಲು. ಆದರೆ ಒದ್ದೆಗೆ ಮುಚ್ಚಳ ತುಕ್ಕು ಹಿಡಿಯುತ್ತದೆ, ಕಾರ್ಕಿಗೆ ಬೂಸ್ಟು ಬರುತ್ತದೆ. ಮೇಲಾಗಿ ಅದು ಕುಡಿಯುವ ನೀರಿನ ಜಾಗ. ಗಾಜು ಒಡೆದರೆ ಏನು ಗತಿ? ಸುರಂಗವನ್ನು ನೀರಿಗೇ ಬಿಡೋಣ.

ಉಳಿದದ್ದು ಫ್ರಿಜ್ಜು. 5-6 ಡಿಗ್ರಿ ನೆಲಮಾಳಿಗೆಗಿಂತ ಹೆಚ್ಚೇ ತಂಪು, ಹಾಗಾಗಿ ಬದಲಾವಣೆ ನಿಧಾನ. ಅವಸರದಲ್ಲಿ ಹಾಳಾಗುವುದಕ್ಕಿಂತ ನಿಧಾನಕ್ಕೆ ಹದವಾಗುವುದು ಒಳ್ಳೆಯದು. ಬಾಗಿಲಿನ ಅರೆಯಲ್ಲಿ ಇಡಬೇಡಿ, ಪ್ರತಿ ಸಲ ತೆರೆದಾಗ ಸೆಖೆ ಬಡಿಯುತ್ತದೆ. ಹಿಂದಿನ ಮೂಲೆಯಲ್ಲಿ, ಪೇಪರಿನಲ್ಲಿ ಸುತ್ತಿ ನಿಲ್ಲಿಸಿ. ಮಳೆಗಾಲದಲ್ಲಿ ಕರೆಂಟು ಕೆಲವು ಗಂಟೆ ಹೋದರೆ ಗಾಬರಿ ಬೇಡ, ತುಂಬಿದ ಫ್ರಿಜ್ಜು ಬೇಗ ಬಿಸಿಯಾಗುವುದಿಲ್ಲ. 12 ಡಿಗ್ರಿಗೆ ಹೊಂದಿಸಬಹುದಾದ ಸಣ್ಣ ವೈನ್ ಕೂಲರ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಾಲ್ಕು ಬಾಟಲಿಗೋಸ್ಕರ ಅದನ್ನು ಕೊಳ್ಳಿ ಎಂದು ನಾನು ಹೇಳಲಾರೆ.

ಬೆಳಕಿನ ಬಗ್ಗೆ ಎರಡು ಮಾತು. ಬಿಸಿಲು ಅಥವಾ ಟ್ಯೂಬ್‌ಲೈಟ್ ಹಾಪ್ಸಿನ ಕಹಿ ವಸ್ತುವನ್ನು ಒಡೆದು ಸುಟ್ಟ ರಬ್ಬರಿನಂಥ ನಾತ ಹುಟ್ಟಿಸುತ್ತದೆ. ಕಂದು ಗಾಜು ಇದನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜು ಸ್ವಲ್ಪ ಮಾತ್ರ, ಬಿಳಿ ಗಾಜು ತಡೆಯುವುದೇ ಇಲ್ಲ. ಕ್ಯಾನಿನೊಳಗೆ ಬೆಳಕೇ ಹೋಗುವುದಿಲ್ಲ, ಆದ್ದರಿಂದ ಐಪಿಎ ಕೊಳ್ಳುವಾಗ ಬಾಟಲಿಗಿಂತ ಕ್ಯಾನ್ ವಾಸಿ. ಮುಚ್ಚಳದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಗ್ಯೂಝ್‌ನ ಕಾರ್ಕ್ ಬಾಟಲಿಯನ್ನು ಮಲಗಿಸಿ ಇಡುವ ಪದ್ಧತಿ ಇದೆ.

ಎರಡು ಲೀಟರಿನಲ್ಲಿ ಏನು ತರಿಸುವುದು

ವಿದೇಶದಿಂದ ಬರುವ ಒಬ್ಬರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು. 330 ಮಿಲಿಯ ಆರು ಬಾಟಲಿ ಅಂದರೆ 1.98 ಲೀಟರ್, ಲೆಕ್ಕ ಸರಿಯಾಗಿ ಕೂರುತ್ತದೆ. 750 ಮಿಲಿಯದ್ದಾದರೆ ಎರಡೇ ಬಾಟಲಿ. ದೊಡ್ಡ ಬಾಟಲಿ ನಿಧಾನಕ್ಕೆ ಹದವಾಗುತ್ತದೆ ನಿಜ, ಆದರೆ ಒಂದು ತೆರೆದರೆ ಅರ್ಧ ಸಂಗ್ರಹ ಮುಗಿಯಿತು. ನನ್ನ ಆಯ್ಕೆ ಸಣ್ಣ ಬಾಟಲಿಯೇ. ಆರು ಬಗೆಯ ಆರು ತರಿಸಬೇಡಿ. ಒಂದೇ ಬಿಯರಿನ ನಾಲ್ಕು ತರಿಸಿ, ಶಿಮೇ ಬ್ಲೂ ಅಥವಾ ಓರ್ವಾಲ್. ಉಳಿದೆರಡು ಆ ವಾರವೇ ಕುಡಿಯಲು ತಾಜಾ ಐಪಿಎ ಇರಲಿ. ನಾಲ್ಕರಲ್ಲಿ ಒಂದನ್ನು ಬಂದ ಕೂಡಲೇ ತೆರೆದು ರುಚಿ ಬರೆದಿಡಿ. ಆಗಲೇ ಮುಂದಿನದಕ್ಕೆ ಹೋಲಿಸಲು ಆಧಾರ ಸಿಗುವುದು. ಓರ್ವಾಲ್ ಆದರೆ ಆರು ತಿಂಗಳಿಗೊಂದು, ಶಿಮೇ ಆದರೆ ವರ್ಷಕ್ಕೊಂದು ತೆರೆಯುತ್ತಾ ಹೋಗಿ. ಒಂದು ಹಂತದಲ್ಲಿ ಇದೇ ಚೆನ್ನಾಗಿದೆ ಅನಿಸಿದರೆ ಉಳಿದದ್ದನ್ನೂ ಮುಗಿಸಿಬಿಡಿ.

ಡ್ಯೂಟಿ ಫ್ರೀ ಬಿಲ್ಲು ಬಾಟಲಿಯ ಜೊತೆಗೇ ಇರಲಿ, ಮಂಗಳೂರು ವಿಮಾನ ನಿಲ್ದಾಣದಿಂದ ತಲಪಾಡಿ ದಾಟಿ ಬರುವವರು ಇದನ್ನು ಮರೆಯಬಾರದು. ಕರ್ನಾಟಕದ ಅಂಗಡಿಯಲ್ಲಿ ಕೊಂಡದ್ದನ್ನು ಗಡಿ ದಾಟಿಸಿದರೆ ಅಬಕಾರಿ ಕೇಸು ಆಗುತ್ತದೆ, ಆ ಗೋಜಿಗೆ ಹೋಗಬೇಡಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಕೇರಳದಲ್ಲಿ ಮಿತಿ ಇದೆ. ಕುಡಿಯುವ ವಯಸ್ಸು ಇಲ್ಲಿ 23.

ತೆರೆಯುವ ಹಿಂದಿನ ದಿನ ಬಾಟಲಿಯನ್ನು ಅಲುಗಿಸದೆ ನಿಲ್ಲಿಸಿಡಿ, ಗಸಿ ತಳ ಸೇರಲಿ. ಕಪ್ಪು ಬಿಯರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಸೆಖೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಹೊರಗಿಟ್ಟರೆ 12 ಡಿಗ್ರಿಯ ಹತ್ತಿರ ಬಂದಿರುತ್ತದೆ. ಓರೆ ಮಾಡಿ ಒಂದೇ ಸಲಕ್ಕೆ ಸುರಿಯಿರಿ, ಕೊನೆಯ ಒಂದು ಬೆರಳು ಬಾಟಲಿಯಲ್ಲೇ ಬಿಡಿ. ರೋಶ್‌ಫೋರ್ 10ರ ಒಂದು ಸಣ್ಣ ಬಾಟಲಿಯಲ್ಲಿ ಮಾಮೂಲಿ ಲಾಗರಿನ ಅಷ್ಟೇ ಸಣ್ಣ (330 ಮಿಲಿಯ) ಎರಡು ಬಾಟಲಿಗಿಂತ ಜಾಸ್ತಿ ಆಲ್ಕೋಹಾಲ್ ಇರುತ್ತದೆ. ಇಬ್ಬರು ಹಂಚಿಕೊಳ್ಳಿ, ಅದಾದ ಮೇಲೆ ಬೈಕಿನ ಕೀ ಮುಟ್ಟಬೇಡಿ.